ಒಳಗಿನವಳ ದಮ್ಮು

ಎದೆಗೆ ಹಚ್ಚಿದ ತಣ್ಣನೆಯ ಜೆಲ್ಲಿ ಇನ್ನೂ ಸೀರೆಯಂಚಿಗೆ ಅಂಟಿಕೊಂಡಿದೆ. ಆಗಿದ್ದಿಷ್ಟೇ: ಮಿರ್ಚಿ ತಿಂದು ಎದೆ ಉರಿಸಿಕೊಂಡ ನಾನು, ಮನೆಯವರ ಕಾಟ ತಾಳಲಾರದೆ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿಕೊಂಡೆ. ಜೆಲ್ಲಿ ತಾಕಿದೊಡನೆ ನೆನಪಾದವಳು ಹುಲಿಗೆಮ್ಮ.

ಸಿರುಗುಪ್ಪದ ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಅವಳು ರೇಡರ್. ನಾನೂ ತಂಡದಲ್ಲಿದ್ದೆ ಅನ್ನಿ. ಎದುರಾಳಿಯ ಕಾಲು ಹಿಡಿದದ್ದಕ್ಕಿಂತ ಬೆಂಚು ಹಿಡಿದದ್ದೇ ಹೆಚ್ಚು. ಎದುರಾಳಿಯ ಅಂಗಳದಲ್ಲಿ ದಮ್ಮು ಬಿಟ್ಟರೆ ಔಟ್, ನಿಮಗೆ ಗೊತ್ತೇ ಇದೆ. ಹುಲಿಗೆಮ್ಮ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಹೋದರೆ ನೋಡುವ ನಮಗೇ ಉಸಿರು ಕಟ್ಟುತ್ತಿತ್ತು.

ಎಲ್ಲೋ ಒಬ್ಬ ಆಟಗಾರ ಮೈದಾನದಲ್ಲೇ ಕುಸಿದು ಸತ್ತನೆಂದು ಆ ವರ್ಷ ನಮ್ಮೆಲ್ಲರ ಎದೆ ಪರೀಕ್ಷೆಯಾಯಿತು. ಇಸಿಜಿಯಲ್ಲಿ ಏನೋ ಅನುಮಾನ ಬಂದು ಹುಲಿಗೆಮ್ಮ ಒಬ್ಬಳಿಗೆ ಮಾತ್ರ ಎಕೋ ಬರೆದರು. ಜೊತೆಗೆ ನಾನು ಹೋದೆ. ಡಾಕ್ಟರು ಯಂತ್ರದ ಸದ್ದು ಏರಿಸಿದರು. ಕತ್ತಲು ಮಾಡಿದ್ದ ಕೋಣೆಯ ತುಂಬ ಅವಳ ಎದೆಬಡಿತ. ಅವಳು ನನ್ನ ಕೈ ಬಿಗಿಯಾಗಿ ಹಿಡಿದಳು.

"ಕೇಳಲೇ, ಒಳಗ ಯಾರೋ ಕಬಡ್ಡಿ ಅನ್ನಾಕತ್ತಾಳ."

"ಏನೂ ಇಲ್ಲವ್ವಾ, ಗುಂಡಿಗಿ ಗಟ್ಟಿ ಐತಿ. ಆರಾಮ ಆಡು ಹೋಗು," ಎಂದರು ಡಾಕ್ಟರು. ನಾನು ನಕ್ಕೆ. ಅವಳು ನಗಲಿಲ್ಲ.

ಮುಂದಿನ ಪಂದ್ಯ ಕುರುಗೋಡಿನಲ್ಲಿ, ಬಂಡೆಗುಡ್ಡದ ಬುಡದಲ್ಲಿ, ಮಟಮಟ ಮಧ್ಯಾಹ್ನ. ನಡುಗೆರೆ ದಾಟಿದ ಹುಲಿಗೆಮ್ಮ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ, ತಲೆ ಓರೆ ಮಾಡಿ ನಿಂತುಬಿಟ್ಟಳು. ಎದುರಾಳಿಗಳೂ ಅವಳನ್ನು ಮುಟ್ಟದೆ ನಿಂತರು. ಇಡೀ ಮೈದಾನ ಏನನ್ನೋ ಆಲಿಸುತ್ತಿರುವಂತೆ ಸುಮ್ಮನಾಯಿತು. ಸೀಟಿ ಊದಿದ ಮೇಲೆಯೇ ಎಲ್ಲರೂ ಅಲುಗಾಡಿದ್ದು.

"ಯಾಕಲೇ ನಿಂತಿ?" ಎಂದೆ.

"ನಾ ಬಾಯಿ ತೆಗದ್ರ ಒಳಗಿನಾಕಿದು ಕೇಳಂಗಿಲ್ಲ. ಆಕಿ ಹುಟ್ಟಿದಾಗಿಂದ ಒಂದ ದಮ್ಮಿನಾಗ ಅದಾಳ. ಆಕಿ ದಮ್ಮು ಬಿಟ್ರ ನಾ ಔಟ್."

ಅಲ್ಲಿಗೆ ಅವಳ ಆಟ ಮುಗಿಯಿತು. ಪರೀಕ್ಷೆ ಬೇಡವಾಗಿತ್ತು ಎನ್ನಲಾರೆ. ಆದರೆ 'ಏನೂ ಇಲ್ಲ' ಎಂಬ ಮಾತು ಅವಳ ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ಅಂಥ ಆಟಗಾರ್ತಿ ಸುಮ್ಮನೆ ಕುಳಿತುಬಿಟ್ಟಳಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇಂದು ನನ್ನ ಡಾಕ್ಟರೂ ಸದ್ದು ಏರಿಸಿದರು. ಕೇಳಿಸಿತು. ಎಡೆಬಿಡದೆ, ಒಂದೇ ಉಸಿರಿನಲ್ಲಿ. ರಿಪೋರ್ಟು ನಾರ್ಮಲ್. ಹೊರಗೆ ಬಂದವಳೇ, ಈಗ ಬಾದನಹಟ್ಟಿಯಲ್ಲಿ ಸಂಸಾರ ಮಾಡಿಕೊಂಡಿರುವ ಹುಲಿಗೆಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ನಿನಗೂ ಕೇಳ್ತೇನಲೇ?"

"ಕೇಳ್ತು."

ಅವಳು ಮೆಲ್ಲಗೆ ಕೇಳಿದಳು: "ನಿನ್ನಾಕಿ ಗೆರಿ ದಾಟಿ ಹೋಗಾಕತ್ತಾಳೋ, ತಿರುಗಿ ಬರಾಕತ್ತಾಳೋ?"

ಉತ್ತರಿಸಲು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡೆ. ಮಾತಾಡಿದರೆ ನನ್ನ ಒಳಗಿನವಳ ಸದ್ದು ಕೇಳುವುದಿಲ್ಲವಲ್ಲ.