ಕಾಶಪ್ಪನ ತೋಳಿನ ಬಣ್ಣ

ಶೇವಂತಿಗೆ ಸುಳ್ಳು ಬಣ್ಣ ಕಂಡರೆ ಮೈ ಉರಿಯುತ್ತಿತ್ತು. ಬನಹಟ್ಟಿಯಲ್ಲಿ ಅವಳ ಅಪ್ಪ ಸಾತಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದವನು. ಒದ್ದೆ ನೂಲನ್ನು ನಂಬಬೇಡ, ಒಣಗಿಸಿ ಹೊಸ್ತಿಲಿನ ಬೆಳಕಿಗೆ ಹಿಡಿದು ನೋಡು ಅಂತ ಕಲಿಸಿದ್ದ. ಪ್ರತಿ ಸಲದ ಬಣ್ಣದ ಒಂದೆಳೆಯನ್ನು ಮುಂದೆ ಹೋಲಿಸಲು ಮೊಳೆಗೆ ಕಟ್ಟಿಡುತ್ತಿದ್ದ. ಅಪ್ಪ ಹೋದ, ಆ ಕೆಲಸವೂ ಹೋಯಿತು. ಕಣ್ಣು ಮಾತ್ರ ಮಗಳಿಗೆ ಬಂತು.

ಆ ಕಣ್ಣಿಗೆ ಸಿಕ್ಕ ಕೆಲಸವೋ, ಹೇಳಿದರೆ ನಗಬೇಕು. ಪುಣೆಯಲ್ಲಿರುವ ಅವಳ ತಮ್ಮ ವಿಜಯ ಮತ್ತವನ ಗೆಳೆಯರು, ಮೀಸೆ ಬಂದ ಗಂಡಸರು, ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಯುದ್ಧದಾಟ ಆಡುತ್ತಾರೆ. ಹೆಬ್ಬೆರಳಿಗಿಂತ ಚಿಕ್ಕ ಆ ಗೊಂಬೆಗಳು ಬೋಳಾಗಿ ಕೊರಿಯರ್‌ನಲ್ಲಿ ರಬಕವಿಯ ಅವಳ ಗಂಡನ ಮನೆಗೆ ಬರುತ್ತವೆ. ಶೇವಂತಿ ಬಣ್ಣ ಹಚ್ಚಿ ಕಳಿಸುತ್ತಾಳೆ. ಮೈಬಣ್ಣವೆಂದರೆ ಒಂದೇ ಸಲ ಬಳಿದು ಕೈತೊಳೆದುಕೊಳ್ಳುವುದಲ್ಲ. ಮೊದಲು ಕಡುಗಂದು, ಮೇಲೆ ನೀರು ಬೆರೆಸಿದ ತೆಳು ಪದರ ಐದಾರು, ಮೂಗಿನ ತುದಿಗೆ ತುಸು ತಿಳಿ, ಬೆರಳ ಗೆಣ್ಣಿಗೆ ತುಸು ಕೆಂಪು.

ಹೋಲಿಸಲು ಗಂಡ ಕಾಶಪ್ಪನ ತೋಳು. ಮಗ್ಗಕ್ಕೆ ಹೋಗುವ ಮುನ್ನ ಅವನು ಹೊಸ್ತಿಲಲ್ಲಿ ಕೂತು ಅಂಗಿಯ ತೋಳು ಮಡಚಬೇಕು. ಪುಣೆಯ ದಂಡೆಲ್ಲ ತನ್ನ ಚರ್ಮ ಹೊದ್ದು ಹೊಡೆದಾಡುತ್ತದೆ ಅಂತ ಅವನು ನಗುತ್ತಿದ್ದ. ಶೇವಂತಿ ಒಂದು ಒಡಕು ಗೊಂಬೆಗೆ ಹಚ್ಚಿ, ಒಣಗಿಸಿ, ಆ ತೋಳಿಗೆ ಹಿಡಿಯುವಳು. ಎರಡರ ಬಣ್ಣ ಕೂಡಿದರೆ ಹನಿಗಳ ಲೆಕ್ಕ ನೋಟ್‌ಬುಕ್ಕಿಗೆ, ಗೊಂಬೆ ಗೋಡೆಯ ಗೂಡಿಗೆ. ಹಳದಿ ಯಾವಾಗಲೂ ಎರಡು ಹನಿ.

ಹೋದ ವರ್ಷ ಒಬ್ಬ ಗಿರಾಕಿಗೆ ಎದ್ದು ನಡೆಯುವ ಹೆಣಗಳ ಪಡೆ ಬೇಕಾಯಿತು. ಅದಕ್ಕೆ ಕಾಶಪ್ಪನ ತೋಳು ನಡೆಯುವುದಿಲ್ಲವಲ್ಲ. ಅತ್ತೆ ತಾರವ್ವನಿಗೆ ಕೊನೆಯ ಸ್ನಾನ ಮಾಡಿಸುವಾಗ ಕಂಡ ಮೈಬಣ್ಣ ನೆನೆದು ಬೆರೆಸಿದಳು: ಹಳದಿ ಆರು, ಹಸಿರು ಮೂರು. ಬದುಕಿದವರ ಜೊತೆ ಬೇಡವೆಂದು ನೋಟ್‌ಬುಕ್ಕಿನ ಕಟ್ಟಕಡೆಯ ಹಾಳೆಯಲ್ಲಿ ಬರೆದಿಟ್ಟಳು, ಹಚ್ಚಿ ನೋಡಿದ ಗೊಂಬೆಯನ್ನು ಗೂಡಿನ ತುದಿಗೆ ಸರಿಸಿದಳು.

ಈ ಯುಗಾದಿಗೆ ಎರಡು ಹನಿ ಹಳದಿ ಸಾಲಲಿಲ್ಲ, ಮೂರು ಬೇಕಾಯಿತು. ಬಾಟಲಿ ಕೆಟ್ಟದ್ದೆಂದು ವಿಜಯನಿಗೆ ಫೋನಿನಲ್ಲಿ ಚೆನ್ನಾಗಿ ಬೈದಳು. ಹೊಸ ಬಾಟಲಿ ಬಂತು. ಬಸವ ಜಯಂತಿಗೆ ನಾಲ್ಕಾಯಿತು. ಕಾರಹುಣ್ಣಿಮೆಗೆ ಐದು, ಜೊತೆಗೆ ಒಂದು ಹನಿ ಹಸಿರು. ಹಾಗಾದರೆ ಬಾಟಲಿಯಲ್ಲ, ಕೆಟ್ಟದ್ದು ತನ್ನ ಕಣ್ಣು! ಕಣ್ಣು ಹೋದರೆ ಶೇವಂತಿಯಲ್ಲಿ ಉಳಿಯುವುದೇನು? ಜಮಖಂಡಿಗೆ ಹೋಗಿ ಕನ್ನಡಕ ಮಾಡಿಸಿಕೊಂಡಳು. ಕನ್ನಡಕದಲ್ಲಿ ತೋಳು ಇನ್ನಷ್ಟು ಹಳದಿಯಾಗಿ ಕಂಡಿತು. ಕಾಶಪ್ಪ ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದ, ಬಿಸಿಲಿಗೆ ಊಟ ಸೇರುವುದಿಲ್ಲ ಎನ್ನುತ್ತಿದ್ದ. ಅವಳೋ ನೂಲು ನೋಡುವ ಹಾಗೆ ದಿನಾ ತೋಳು ನೋಡಿದಳು, ಮುಖ ನೋಡಲಿಲ್ಲ.

ಪಂಚಮಿಯ ಮರುದಿನ ಬಣ್ಣ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಹಳದಿ ಆರು, ಹಸಿರು ಎರಡು. ಬರೆದಿಡಲು ಹೋದರೆ ನೋಟ್‌ಬುಕ್ಕು ತುಂಬಿತ್ತು. ಜಾಗವಿದ್ದದ್ದು ಕಟ್ಟಕಡೆಯ ಹಾಳೆಯಲ್ಲಿ ಮಾತ್ರ. ಅಲ್ಲಿ ಅವಳದೇ ಅಕ್ಷರ: ಹಳದಿ ಆರು, ಹಸಿರು ಮೂರು.

ಶೇವಂತಿ ಗೂಡಿನ ಕಡೆ ತಿರುಗಿದಳು. ಈ ವರ್ಷದ ಗೊಂಬೆಗಳು ಒಂದಕ್ಕಿಂತ ಒಂದು ಹಳದಿಯಾಗುತ್ತ ಸಾಲಾಗಿ ನಿಂತಿದ್ದವು, ಸಾಲಿನ ತುದಿಯಲ್ಲಿ ಆ ಸತ್ತವನು. ಅವನಿಗೂ ಉಳಿದವರಿಗೂ ನಡುವೆ ಕೈಯಲ್ಲಿದ್ದ ಗೊಂಬೆಯನ್ನು ಇಟ್ಟಳು. ಅದೂ ಸತ್ತವನೂ ಅಣ್ಣತಮ್ಮಂದಿರಂತೆ ಕಂಡರು. ಆಮೇಲೆ ಮೊದಲ ಸಲ ಗಂಡನ ಮುಖ ನೋಡಿದಳು. ಕಣ್ಣಿನ ಬಿಳಿಯೂ ಹಳದಿಯಾಗಿತ್ತು.

"ಯಾಕ, ಬಣ್ಣ ಕೂಡಲಿಲ್ಲೇನು?" ಅಂದ ಕಾಶಪ್ಪ.

"ಕೂಡೇತಿ. ಏಳ್ರಿ, ಜಮಖಂಡಿಗೆ ಹೋಗೂಣು."

ಆಸ್ಪತ್ರೆಯಲ್ಲಿ ಡಾಕ್ಟರು ಇದು ಎಂದಿನಿಂದ ಅಂತ ಕೇಳಿದರು. ಎಂಟು ದಿನ ಆಗಿರಬಹುದು ಅಂದ ಕಾಶಪ್ಪ. ಶೇವಂತಿ ಕರವಸ್ತ್ರ ಬಿಚ್ಚಿ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು.

"ಇದು ಉಗಾದೀದರಿ. ಇದು ಬಸವ ಜಯಂತೀದು. ಇದು ಕಾರಹುಣ್ಣಿವೀದು. ಇದು ಇವತ್ತಿಂದು."

ಡಾಕ್ಟರು ಒಂದೊಂದನ್ನೇ ಕಾಶಪ್ಪನ ತೋಳಿನ ಪಕ್ಕ ಹಿಡಿದು ನೋಡಿದರು. ಅವಳು ಹೆಸರಿಸದೆ ಬಿಟ್ಟ ಕೊನೆಯದನ್ನು, ಆ ಸತ್ತವನನ್ನು ಎತ್ತಿ, ಇದು ಯಾವಾಗಿನದು ಅಂತ ಕೇಳಿದರು.

"ಅದು ಇನ್ನಾ ಬಂದಿಲ್ಲರಿ," ಅಂದಳು ಶೇವಂತಿ. "ಒಂದ ಹನಿ ಉಳದೈತಿ."