ಗಣಿತ ಪತ್ರಿಕೆಯ ಓದುಗ

ಬೆಳಗಾವಿಯ ಗಣಿತ ಶಿಕ್ಷಕರ ಸಂಘಕ್ಕೊಂದು ಪತ್ರಿಕೆಯಿತ್ತು, ಅದಕ್ಕೊಬ್ಬ ಸಂಪಾದಕರಿದ್ದರು. ಯಾರು ಏನೇ ಹೇಳಿದರೂ ಕಿಸೆಯಿಂದ ಸೀಮೆಸುಣ್ಣ ತೆಗೆದುಕೊಟ್ಟು, "ಸಾಧಿಸಿ ತೋರಸ್ರಿ," ಎನ್ನುತ್ತಿದ್ದರು. ಚಹಾಕ್ಕೆ ಸಕ್ಕರೆ ಸಾಲದು ಎಂದರೂ ಅದೇ ಮಾತು.

ಒಮ್ಮೆ ಅವರು ಅಚ್ಚು ಹಾಕಿಸಿದ ತ್ರಿಕೋನದ ಕೋನಗಳ ಮೊತ್ತ ಇನ್ನೂರು ಡಿಗ್ರಿಯಾಗುತ್ತಿತ್ತು. ಖಾನಾಪುರದಲ್ಲಿ ಗಣಿತ ಕಲಿಸುತ್ತಿದ್ದ ನಾನು ಅವರಿಗೊಂದು ವಾಟ್ಸ್ಯಾಪ್ ಕಳಿಸಿದೆ. ಮರುದಿನವೇ ಅವರು ಬಸ್ಸು ಹತ್ತಿ, ಬೆಳಗಾವಿಯ ಸಿಹಿತಿಂಡಿ ಕುಂದಾದ ಡಬ್ಬಿ ಹಿಡಿದು ನಮ್ಮ ಶಾಲೆಗೆ ಬಂದರು.

"ಸರ, ತಪ್ಪ ಹುಡುಕಿದೆ ಅಂತ ಬೇಜಾರ ಮಾಡ್ಕೋಬ್ಯಾಡ್ರಿ," ಎಂದೆ.

"ಬೇಜಾರ ಯಾಕ್ರಿ? ನಮ್ಮ ಪತ್ರಿಕೆ ಓದಾವ್ರು ಒಬ್ಬರಾದ್ರೂ ಅದಾರಂತ ಇವತ್ತ ಸಾಧಿಸಿ ತೋರಿಸಿದ್ರಿ," ಎಂದು ಕಣ್ಣೊರೆಸಿಕೊಂಡರು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಈ ಸಲ ಮೊತ್ತ ನೂರಾ ಅರವತ್ತಾಗಿತ್ತು. ಪಾಪ, ಸುಮ್ಮನಿರೋಣ ಎಂದುಕೊಂಡೆ. ಆದರೆ ಅಷ್ಟೊತ್ತಿಗೆ ಕುಂದಾ ಮುಗಿದಿತ್ತು.