ನರ್ಸಬಾಯಿ ಮತ್ತು ಒಂದು ಠರಾವು

ಒಂದು ಪ್ಲೇಟು ಚೂಡಾ ತಿಂದು ನಾನು ನರ್ಸಬಾಯಿಯನ್ನು ಕಳೆದುಕೊಂಡೆ. ನಗಬೇಡಿ, ಪೂರ್ತಿ ಕೇಳಿ.

ಜಮಖಂಡಿಯ ನಮ್ಮ ಕಾಲೊನಿಗೊಂದು ಗೃಹನಿರ್ಮಾಣ ಸಂಘವಿದೆ. ವರ್ಷಕ್ಕೊಮ್ಮೆ ಸಭೆ. ಬಾಗಿಲಲ್ಲೇ ಪುಸ್ತಕಕ್ಕೆ ಹಾಜರಿ ಸಹಿ, ಆಮೇಲೆ ಚಹಾ, ಚೂಡಾ. (ಮನೆ ನನ್ನ ಹೆಸರಿನಲ್ಲಿದೆ, ಹಾಗಾಗಿ ಸಹಿಯೂ ನನ್ನದೇ.) ಮುಂದೆ ಯಾರೋ ಏನೋ ಓದುತ್ತಿದ್ದರು. ನಾನು ಪಕ್ಕದವರಿಗೆ ಉಪ್ಪಿನಕಾಯಿಯ ಹದ ಹೇಳುತ್ತಿದ್ದೆ.

ವಾರದ ಮೇಲೆ ಸೆಕ್ರೆಟರಿ ಮನೆಗೆ ಬಂದರು, ಕಂಕುಳಲ್ಲಿ ಅದೇ ಹಾಜರಿ ಪುಸ್ತಕ. ಠರಾವು ಪಾಸಾಗಿದೆ: ಸಂಸಾರಸ್ಥರಲ್ಲದವರಿಗೆ ಬಾಡಿಗೆ ಕೊಡಬಾರದು, ಇದ್ದವರನ್ನು ತಿಂಗಳೊಳಗೆ ಬಿಡಿಸಬೇಕು.

ನಮ್ಮ ಮನೆಯದೇ ಮುಂದಿನ ಎರಡು ಖೋಲಿಯಲ್ಲಿ ನರ್ಸಬಾಯಿ ಬಾಡಿಗೆಗಿದ್ದರು. ಗಲಗಲಿಯವರು, ಒಬ್ಬರೇ.

"ಅಲ್ರೀ, ನಿಮ್ಮ ಮೊಮ್ಮಗಗ ಜ್ವರಾ ಬಂದಾಗ ಯಾರ ಕದಾ ಬಡದಿದ್ರಿ?" ಎಂದೆ.

"ಅದು ಬ್ಯಾರೆ ಮಾತರೀ. ಡ್ಯೂಟಿ ಅಂತ ಹೊತ್ತಲ್ಲದ ಹೊತ್ತಿಗೆ ಬರ್ತಾರ, ಹೋಗ್ತಾರ. ಕಾಲೊನಿಗೆ ಶಿಸ್ತು ಬ್ಯಾಡೇನ್ರಿ? ನಿಮ್ಮ ಸಹಿನೂ ಐತಿ, ನೋಡ್ರಿಲ್ಲಿ."

ಇತ್ತು. ಸಹಿಗಳ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಠರಾವು ದುಂಡಗೆ ಕುಳಿತಿತ್ತು.

ನರ್ಸಬಾಯಿಗೆ ಏನೂ ಹೇಳದೆ ಸಂಘದ ಬೈಲಾ ಹಿಡಿದು ಮುಧೋಳದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಗುರುತಿನ ವಕೀಲರಿದ್ದಾರೆ. ಮೊದಲಿಂದ ಕೊನೆಯತನಕ ಓದಿ ನಕ್ಕರು.

"ತಂಗೀ, ನೀರು, ರಸ್ತಾ, ಗಟಾರ, ಇಷ್ಟ ಸಂಘದ್ದು. ಯಾರಿಗೆ ಬಾಡಿಗಿ ಕೊಡಬೇಕನ್ನೂದು ಮಾಲಕರ ಹಕ್ಕು. ಬೈಲಾದಾಗ ಇಲ್ಲದ್ದನ್ನ ಠರಾವಿನಾಗ ಬರದ್ರ ಕಾಯ್ದೆ ಆಗ್ತೈತೇನು? ಇದ್ದವರನ್ನ ಬಿಡಸಬೇಕಂದ್ರ ಮಾಲಕರೂ ಕೋರ್ಟಿಗೇ ಹೋಗಬೇಕು."

ಅದನ್ನೇ ಕಾಗದದ ಮೇಲೆ ಬರೆಸಿಕೊಂಡೆ. ಗೆದ್ದೆ ಎಂದುಕೊಂಡು ಮನೆಗೆ ಬಂದರೆ, ನರ್ಸಬಾಯಿ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದರು. ಸೆಕ್ರೆಟರಿ ಅವರಿಗೂ ಪುಸ್ತಕ ತೋರಿಸಿ ಹೋಗಿದ್ದರು.

ಕಾಗದ ಕೊಟ್ಟೆ. ನಿಧಾನ ಓದಿದರು.

"ಛಲೋ ಐತ್ರಿ ಅಕ್ಕಾರ. ಆದ್ರ ದಿನಾ ಇದನ್ನ ಕೈಯಾಗ ಹಿಡಕೊಂಡು ನಳದ ನೀರಿಗೆ ನಿಂದರಲೇನ್ರಿ?"

ನನ್ನ ಸಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೂಡಾದ ಕಥೆ ಹೇಳಿ ಹಗುರಾಗುತ್ತಿದ್ದೆ.

ಕಾಗದ ನೋಡಿದ ಮೇಲೆ ಸಂಘ ಠರಾವನ್ನು ಸದ್ದಿಲ್ಲದೆ ಕೈಬಿಟ್ಟಿತು. ಬನಹಟ್ಟಿಯಲ್ಲಿ ನರ್ಸಬಾಯಿ ಹಿಡಿದಿದ್ದ ಖೋಲಿಗೆ ಹೋಗಿ, ತಪ್ಪಾಯಿತು, ಬನ್ನಿ ಎಂದು ಕರೆದೆ. ಚಹಾ ಮಾಡಿಕೊಟ್ಟರು. "ನೋಡೂಣ್ರಿ" ಎಂದರು. ನಮ್ಮ ಕಡೆ "ನೋಡೂಣ್ರಿ" ಅಂದರೆ ಏನರ್ಥ, ನಿಮಗೆ ಗೊತ್ತು.

ನಮ್ಮಲ್ಲಿದ್ದಾಗ ಹೆರಿಗೆ ವಾರ್ಡಿನ ಡ್ಯೂಟಿ ಮುಗಿಸಿ ಬಂದವರು ಹಿತ್ತಲಲ್ಲಿ ಮೊಣಕೈತನಕ ಸೋಪು ಹಚ್ಚಿ ತೊಳೆದು, ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದರು. ಬುಟ್ಟಿಯಿಂದ ತಾವೇ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಚ್ಚಿಕೊಂಡು ವರದಿ ಒಪ್ಪಿಸುವರು: "ಇವತ್ತ ಎರಡು ಹೆಣ್ಣು, ಒಂದು ಗಂಡು. ಗಂಡಿನ ಧ್ವನಿ ಕೇಳಬೇಕಿತ್ರಿ, ಥೇಟ್ ನಿಮ್ಮ ಸೆಕ್ರೆಟರಿ!" ಊರಿಗೆ ಬಂದ ಹೊಸಬರೆಲ್ಲ ಮೊದಲು ನನಗೇ ಗೊತ್ತಾಗುತ್ತಿದ್ದರು. ಈಗ ಯಾರು ಹುಟ್ಟುತ್ತಾರೋ, ನನಗೇನು ತಿಳಿಯಬೇಕು?

ಎರಡೂ ಖೋಲಿ ಖಾಲಿ ಇವೆ. ಕೇಳಲು ಬಂದವರಿಗೆಲ್ಲ "ಒಬ್ಬರಿಗೆ ಮಾತು ಕೊಟ್ಟೇನ್ರಿ" ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೇನೆ.

ಯಾರಿಗೆ ಕೊಡಬೇಕೆನ್ನುವ ಹಕ್ಕು ನನ್ನದೇ, ಸರಿ. ಬರಲೊಲ್ಲದವರನ್ನು ಕರೆತರುವ ಕಾಯ್ದೆ ಎಲ್ಲಿದೆ?